ಜಗಳ ನಮ್ಮಿಬ್ಬರದು

ನರಗುಂದ
೪ ಡಿಸೆಂಬರ್ ೨೦೦೬

ಲೇ ಚನ್ಯಾ,

ನೀನು ಫೋನ್ ಎತ್ತುವುದಿಲ್ಲ. ಮೇಲ್ ಕಳಿಸಿದರೆ ಓದದೆ ಅಳಿಸುತ್ತೀ ಎಂದು ನಿನ್ನ ತಂಗಿ ನೀಲಾ ಹೇಳಿದಳು. ಅದಕ್ಕೇ ಅಂಚೆಗೆ ಹಾಕುತ್ತಿದ್ದೇನೆ. ಗಜೇಂದ್ರಗಡದ ನಿಮ್ಮ ಮನೆಗೆ ಕಾಗದ ಬಂದರೆ ಸಾವಕ್ಕ ಅದನ್ನು ಗಟ್ಟಿಯಾಗಿ ಓದಿಸಿಕೊಳ್ಳದೆ ಬಿಡುವುದಿಲ್ಲ ಅಂತ ನನಗೆ ಗೊತ್ತು. ಓದು. ನಿಮ್ಮವ್ವನ ಎದುರಿಗೇ ನಿಂತು ಓದು. (ಸಾವಕ್ಕ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲರಿ. ನಿಮ್ಮ ಮಗ ಕತ್ತೆ, ಅಷ್ಟೇ.)

ನನ್ನ ಮುಂದಿನ ಹಲ್ಲು ಹೋಯಿತು. ಅದರ ಪಕ್ಕದ್ದು ಅಲುಗಾಡುತ್ತಿದೆ. ತುಟಿಗೆ ಹೊಲಿಗೆ ಹಾಕಿದ್ದಾರೆ. ಅಮ್ಮಿ ಮೂರು ಹೊತ್ತೂ ಗಂಜಿ ಕುಡಿಸುತ್ತಾಳೆ, ಕುಡಿಸುತ್ತಾ ಅಳುತ್ತಾಳೆ. ‘ಸಾಜೀದ’ ಅನ್ನಲು ಹೋದರೆ ಬರೀ ಗಾಳಿ ಹೊರಡುತ್ತದೆ. ಬೆಂಗಳೂರಿನ ಸಮ್ಮೇಳನಕ್ಕೆ ಹೋಗಿದ್ದರೂ ಹೆಸರು ಹೇಳಿಕೊಳ್ಳಲು ಆಗುತ್ತಿರಲಿಲ್ಲ, ಬಿಡು.

ಒಂದು ವರ್ಷ ಕೂತು ಬರೆದ ಪ್ರೋಗ್ರಾಮ್ ಅದು. ಪರದೆಯ ಮೇಲೆ ಸೀರೆಯ ಅಂಚು ಬಿಡಿಸಿದರೆ ಮಗ್ಗದಲ್ಲಿ ಯಾವ ಎಳೆ ಏಳಬೇಕು, ಯಾವುದು ಇಳಿಯಬೇಕು ಎಂದು ತಾನೇ ಹೇಳುವಂಥದ್ದು. ಅರ್ಧ ನಿನ್ನದು, ಅರ್ಧ ನನ್ನದು. ಬೆಂಗಳೂರಿನಲ್ಲಿ ದೇಶದ ಪ್ರೋಗ್ರಾಮರುಗಳೆಲ್ಲ ಸೇರುವ ಜಾಗದಲ್ಲಿ ನಮಗೆ ಅರ್ಧ ತಾಸು ಕೊಟ್ಟಿದ್ದರು. ನನ್ನ ಅಂಗಡಿಯಲ್ಲಿ ಸಿಡಿ ಬರೆಯುವ ಡ್ರೈವ್ ಕೆಟ್ಟಿತ್ತೆಂದು ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನೇ ಬಿಚ್ಚಿಕೊಂಡು ರೋಣದ ಬಸ್ ಸ್ಟ್ಯಾಂಡಿಗೆ ಬಂದೆ. ನಿನ್ನ ಕೈಗೆ ಕೊಟ್ಟು, “ಹಸುಗೂಸು ಹಿಡಿದ್ಹಾಂಗ ಹಿಡ್ಕೊ” ಅಂದೆ. ಬಾಳೆಹಣ್ಣು ತರಲು ಶಂಕ್ರವ್ವನ ಬುಟ್ಟಿಯ ತನಕ ಹೋಗಿ ಬರುವುದರೊಳಗೆ ನೀನು ಏನು ಮಾಡಿದೆ?

ಸೀಟು ಹಿಡಿಯಲು ಅದನ್ನು ಟವೆಲ್ಲಿನಲ್ಲಿ ಕಟ್ಟಿ ಬಸ್ಸಿನ ಕಿಟಕಿಯೊಳಗೆ ಒಗೆದೆ!

ಒಳಗಿದ್ದ ಆ ಪೈಲ್ವಾನನ ತಲೆಗೆ ಅದು ಬಡಿಯಿತು. “ಯಾಂವಲೇ ಇದನ್ನ ಒಗದಾಂವ!” ಎಂದು ಅವನು ಆ ಕಡೆಯ ಕಿಟಕಿಯಿಂದ ಹೊರಗೆ ಬೀಸಿದ. ಬಸ್ಸು ಹಿಂದಕ್ಕೆ ಸರಿಯಿತು. ಚಕ್ರದ ಕೆಳಗೆ ನಮ್ಮ ವರ್ಷ ಪಟ್ಟನೆ ಒಡೆದದ್ದು ನನಗೆ ಕೇಳಿಸಿತು. ಅದಕ್ಕೇ ಹೊಡೆದೆ. ಈಗ ಎದುರಿಗೆ ಬಂದರೂ ಹೊಡೆಯುತ್ತೇನೆ.

ಇನ್ನು ನನ್ನ ಹೆಸರು ಎತ್ತಬೇಡ.

ಸಾಜೀದ


ಗಜೇಂದ್ರಗಡ
೧೬ ಡಿಸೆಂಬರ್ ೨೦೦೬

ಹಲ್ಲಿಲ್ಲದವನಿಗೆ,

ಅಕ್ಷರ ನೀಲಾಳದು, ಮಾತು ನನ್ನದು. ಬಲಗೈ ಪ್ಲಾಸ್ಟರಿನಲ್ಲಿದೆ. ಯಾಕಿದೆ ಎಂಬುದನ್ನು ನಿನ್ನ ಕಾಗದದಲ್ಲಿ ಬರೆಯಲೇ ಇಲ್ಲವಲ್ಲ ಮಗನೇ! ನಿನ್ನ ಹಲ್ಲಿನ ಪುರಾಣ ಒಂದು ಪುಟ, ನನ್ನ ಬೆರಳಿಗೆ ಒಂದು ಸಾಲೂ ಇಲ್ಲ.

ನಾನು ಬರೆಸುತ್ತೇನೆ, ಕೇಳು. ಬೆಂಗಳೂರು ಬಸ್ಸು ಬಂದಾಗ ಟವೆಲ್ ಹಾಕದೆ ಸೀಟು ಸಿಕ್ಕವನು ರೋಣದಲ್ಲಿ ಯಾವನಿದ್ದಾನೆ? ಬರೀ ಟವೆಲ್ ಒಗೆದರೆ ಗಾಳಿಗೆ ಅರ್ಧ ದಾರಿಗೇ ಬೀಳುತ್ತದೆ. ಎರಡು ಸಲ ಒಗೆದೆ, ಎರಡು ಸಲವೂ ಬಿತ್ತು. ಎಳೆಗೆ ತೂಕ ಕಟ್ಟದಿದ್ದರೆ ನಿಲ್ಲುವುದಿಲ್ಲ ಎಂದು ಮಗ್ಗದ ಮನೆಯಲ್ಲಿ ಹುಟ್ಟಿದವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೈಯಲ್ಲಿ ತೂಕದ್ದು ಅದೊಂದೇ ಇತ್ತು. ರಾತ್ರಿಯಿಡೀ ನಿನ್ನನ್ನು ನಿಲ್ಲಿಸಿಕೊಂಡು ಬೆಂಗಳೂರಿಗೆ ಒಯ್ಯಬಾರದು ಎಂದು ಮಾಡಿದೆ. ನಿನಗೆ ಕಿಟಕಿ ಪಕ್ಕದ ಸೀಟೇ ಬೇಕಲ್ಲ, ಇಲ್ಲದಿದ್ದರೆ ವಾಂತಿ ಮಾಡುತ್ತೀ.

ನೀನು ಬಂದೆ, “ಒಳಗ ಏನ್ ಕಟ್ಟಿದ್ದಿ?” ಅಂದೆ. ನಾನು ಹೇಳಿದೆ. ಹೇಳಿ ಮುಗಿಸುವ ಮೊದಲೇ ಕಿವಿಯ ಮೇಲೆ ಬಿತ್ತು. ನಾನು ರೊಟ್ಟಿ ಡಬ್ಬಿಯಿಂದ ಬಾರಿಸಿದೆ, ಹೌದು, ಬಾರಿಸಿದೆ. ಅವ್ವ ಶೇಂಗಾ ಚಟ್ನಿ ತುಂಬಿ ಕೊಟ್ಟಿದ್ದಳು, ಡಬ್ಬಿ ಭಾರ ಇತ್ತು. ಆದರೆ ಆಮೇಲೆ? ನಾನು ಬಸ್ಸಿನ ಮೆಟ್ಟಿಲ ಮೇಲೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ನೀನು ಬಾಗಿಲನ್ನು ಕಾಲಿನಿಂದ ಒದ್ದೆ. ನನ್ನ ಕೈ ಅಲ್ಲೇ ಇತ್ತು, ಸಾಜ್ಯಾ. ಬೆರಳು ಮುರಿದ ಸಪ್ಪಳ ನಿನಗೆ ಕೇಳಿಸಲಿಲ್ಲವೇ? ಹಾರ್ಡ್ ಡಿಸ್ಕು ಒಡೆದದ್ದು ಮಾತ್ರ ಕೇಳಿಸಿತೇ?

ಸಮ್ಮೇಳನದವರು ಅಂಚೆಯಲ್ಲಿ ಎರಡು ಟೀ ಶರ್ಟ್ ಕಳಿಸಿದ್ದಾರೆ. ನಿನ್ನದರಿಂದ ಅವ್ವ ಎಮ್ಮೆಯ ಕೆಚ್ಚಲು ಒರೆಸುತ್ತಾಳೆ.

(ಸಾಜೀದಣ್ಣ, ಒರೆಸುವುದಿಲ್ಲ. ಮಡಚಿ ಟ್ರಂಕಿನಲ್ಲಿಟ್ಟಿದ್ದಾಳೆ. ನಾನು ಇದನ್ನು ಬರೆದದ್ದು ಅವನಿಗೆ ಗೊತ್ತಿಲ್ಲ. —ನೀಲಾ)

ನಿನ್ನ ಮುಖ ನೋಡಲು ಇಷ್ಟವಿಲ್ಲದ
ಚನ್ನಬಸವ


ನರಗುಂದ
೯ ಜನವರಿ ೨೦೦೭

ಚನ್ಯಾ,

ಕೆಲಸದ ಮಾತು ಮಾತ್ರ ಬರೆಯುತ್ತೇನೆ.

ಸಮ್ಮೇಳನದವರಿಂದ ಮೇಲ್ ಬಂದಿದೆ. ನಮ್ಮ ಹೆಸರು ಮೈಕಿನಲ್ಲಿ ಕೂಗಿದರಂತೆ. ಸಭೆಯವರು ಕಾದರಂತೆ. ಕೊನೆಗೆ ಯಾರೋ ಪುಣೆಯ ಹುಡುಗ ಎದ್ದು ತನ್ನ ಬೆಕ್ಕಿನ ಫೋಟೋ ಜೋಡಿಸಿಡುವ ಪ್ರೋಗ್ರಾಮ್ ತೋರಿಸಿ ಚಪ್ಪಾಳೆ ಗಿಟ್ಟಿಸಿಕೊಂಡನಂತೆ. ಬೆಕ್ಕು! ಓದಿ ನಾನು ಅಂಗಡಿಯ ಸ್ಟೂಲನ್ನು ಗೋಡೆಗೆ ಎತ್ತಿ ಹಾಕಿದೆ. ಸ್ಟೂಲಿನ ಕಾಲು ಮುರಿಯಿತು.

ನಾವು ಯಾಕೆ ಬರಲಿಲ್ಲ ಎಂದು ಕೇಳಿದ್ದಾರೆ. ‘ವಾಹನದ ತೊಂದರೆ’ ಎಂದು ಉತ್ತರ ಬರೆದೆ. ಮುಂದಿನ ಡಿಸೆಂಬರಿಗೆ ಮತ್ತೆ ಕರೆಯುತ್ತಾರಂತೆ, ಆದರೆ ಸೆಪ್ಟೆಂಬರಿನೊಳಗೆ ಓಡುವ ಪ್ರೋಗ್ರಾಮ್ ಕಳಿಸಬೇಕಂತೆ. ದೀಪಾವಳಿಗೆ ಮುಂಚಿನ ಒಂದು ಹಳೆಯ ಪ್ರತಿ ನನ್ನ ಅಂಗಡಿಯ ಇನ್ನೊಂದು ಕಂಪ್ಯೂಟರಿನಲ್ಲಿ ಸಿಕ್ಕಿತು. ಅದರಲ್ಲಿ ನನ್ನ ಅರ್ಧ ಇದೆ. ಸೆರಗಿನ ಲೆಕ್ಕ ಮಾಡುವ ನಿನ್ನ ಅರ್ಧ ಇಲ್ಲ. ಅದನ್ನು ಬರೆಯಲು ನನಗೆ ಬರುವುದಿಲ್ಲ, ಕೂತು ನೋಡಿದೆ, ಬರುವುದಿಲ್ಲ.

ಬರೆದು ಕಳಿಸು. ನಿನಗಾಗಿ ಕೇಳುತ್ತಿಲ್ಲ. ಆ ಬೆಕ್ಕಿನವನ ಮುಂದೆ ಮರ್ಯಾದೆ ಹೋಗಬಾರದು ಎಂದು ಕೇಳುತ್ತಿದ್ದೇನೆ.

ಸಾಜೀದ


ಗಜೇಂದ್ರಗಡ
೨೦ ಫೆಬ್ರವರಿ ೨೦೦೭

ಸಾಜ್ಯಾ,

ಇದು ನನ್ನದೇ ಅಕ್ಷರ, ಎಡಗೈಯದು. ಓದಲಾಗದಿದ್ದರೆ ಬಿಡು.

ರೋಣದ ದವಾಖಾನೆಗೆ ಹೋಗಿ ಪ್ಲಾಸ್ಟರ್ ತೆಗೆಸಿಕೊಂಡು ಬಂದೆ. ಉಂಗುರದ ಬೆರಳು, ಅದರ ಪಕ್ಕದ ಕಿರುಬೆರಳು ಮಡಚುವುದಿಲ್ಲ. ಡಾಕ್ಟರು ಇನ್ನು ಇಷ್ಟೇ ಅಂದರು. ಮನೆಗೆ ಬಂದು ಮಗ್ಗದ ಮೇಲೆ ಕೂತು ಲಾಳಿ ಹಿಡಿದೆ. ಎರಡು ಸಲ ಓಡಿಸಿದೆ, ಮೂರನೇ ಸಲಕ್ಕೆ ಕೈ ಜಾರಿ ಲಾಳಿ ಹೋಗಿ ಅಪ್ಪನ ಮೊಣಕಾಲಿಗೆ ಬಡಿಯಿತು. ಅಪ್ಪ ಲಾಳಿ ಎತ್ತಿಕೊಟ್ಟ. ಆ ಹೊತ್ತಿನಲ್ಲಿ ನೀನು ಎದುರಿಗಿದ್ದಿದ್ದರೆ ನಿನ್ನ ಕುತ್ತಿಗೆ ಹಿಸುಕಿ ಬಿಡುತ್ತಿದ್ದೆ. ಸುಳ್ಳು ಹೇಳುತ್ತಿಲ್ಲ, ಹಿಸುಕಿ ಬಿಡುತ್ತಿದ್ದೆ.

ಒಂದು ಮಾತು ಕೇಳುವುದಿದೆ. ಬಸ್ ಸ್ಟ್ಯಾಂಡಿನಲ್ಲಿ ಶಂಕ್ರವ್ವ ಸಿಕ್ಕಳು. ಅವತ್ತು ನಮ್ಮಿಬ್ಬರ ನಡುವೆ ಬುಟ್ಟಿ ಅಡ್ಡ ಹಿಡಿದು ಬಿಡಿಸಿದವಳು ಅವಳೇ. ಅವಳ ಬಾಳೆಹಣ್ಣೆಲ್ಲ ನಮ್ಮ ಕಾಲಡಿ ಹಿಚುಕಿ ಹೋಗಿತ್ತು. ಅವಳು ಹೇಳಿದಳು: “ನಿನ್ನ ದೋಸ್ತನ ಕಡೆ ಮಂದಿ ಬಂದಿತ್ತಪಾ, ನರಗುಂದದ ಮೈನುದ್ದೀನ, ಗಾಡಿ ಮ್ಯಾಲೆ ಹುಡುಗ್ರನ್ನ ಕರ್ಕೊಂಡು. ಹಲ್ಲ ಮುರದಾಂವ ಯಾರು, ಯಾವ ಜಾತಿಯಾಂವ, ಹೆಸರ ಹೇಳು ಅಂದ್ರು. ಅವರು ನಿನ್ನ ದೋಸ್ತಗೂ ಕೇಳ್ಯಾರ. ಆಂವ ಏನಂದಾನ ಗೊತ್ತೇನು? ಮೆಟ್ಟಲ ಮ್ಯಾಲಿಂದ ಜಾರಿ ನನ್ನ ಡಬ್ಬಿ ಮ್ಯಾಲೆ ನಾನ ಬಿದ್ದೆ ಅಂದನಂತ.”

ಯಾಕೆ ಹಾಗೆ ಹೇಳಿದೆ? ನನ್ನ ಮೇಲೆ ಅಷ್ಟು ಸಿಟ್ಟಿದ್ದವನು ಹೆಸರು ಹೇಳಬಹುದಿತ್ತಲ್ಲ.

ಸೆರಗಿನ ಲೆಕ್ಕ ಬರೆಯುವುದಿಲ್ಲ.

ಚನ್ನಬಸವ


ನರಗುಂದ
೫ ಮಾರ್ಚ್ ೨೦೦೭

ಚನ್ಯಾ,

ನಾನು ಕೇಳುತ್ತೇನೆ, ನೀನು ಉತ್ತರ ಕೊಡು. ನಿಮ್ಮೂರಿನ ಅಮೋಘಸಿದ್ದ ತನ್ನ ಪಟಾಲಮ್ಮು ಕಟ್ಟಿಕೊಂಡು ದವಾಖಾನೆಗೆ ಬಂದು, “ಕೈ ಮುರದಾಂವನ ಹೆಸರೊಂದು ಹೇಳು, ಉಳಿದದ್ದು ನಮಗ ಬಿಡು” ಅಂದಾಗ ನೀನು ಏನಂದೆ? ‘ಬಸ್ಸಿನ ಬಾಗಲಾ’ ಅಂದೆ. ನನಗೂ ಶಂಕ್ರವ್ವ ಸಿಕ್ಕಿದ್ದಳು. ಅವಳು ಒಬ್ಬರಿಗೇ ಸುದ್ದಿ ಹೇಳಿ ಸುಮ್ಮನಾಗುವ ಹೆಂಗಸೇ?

ನೀನು ಯಾಕೆ ಹೇಳಲಿಲ್ಲವೋ ನಾನೂ ಅದಕ್ಕೇ ಹೇಳಲಿಲ್ಲ. ಹೆಸರು ಹೇಳಿದರೆ ಅವರು ನಿನ್ನ ಹೆಸರನ್ನಷ್ಟೇ ಒಯ್ಯುತ್ತಿರಲಿಲ್ಲ. ನಿಮ್ಮ ಓಣಿ, ನಮ್ಮ ಓಣಿ, ಎಲ್ಲವನ್ನೂ ಎಳೆದು ತರುತ್ತಿದ್ದರು. ಒಂದು ಟವೆಲ್ಲಿಗಾಗಿ ನಾವು ಹೊಡೆದಾಡಿದ್ದು, ಆದರೆ ಅದಕ್ಕೆ ಯಾರದೋ ಅಂಗಡಿಗೆ ಬೆಂಕಿ ಬೀಳುತ್ತಿತ್ತು. ಜಗಳ ನಮ್ಮಿಬ್ಬರದು. ಅದರಲ್ಲಿ ಅವರಿಗೆ ಪಾಲು ಕೊಡುವುದಿಲ್ಲ.

ಮೈನುದ್ದೀನ ಹೋದ ವಾರ ಮತ್ತೆ ಅಂಗಡಿಗೆ ಬಂದ. ಈ ಸಲ ನಿನ್ನ ಹೆಸರು ಪತ್ತೆ ಹಚ್ಚಿಕೊಂಡೇ ಬಂದಿದ್ದ. “ಗಜೇಂದ್ರಗಡಕ್ಕ ಹೋಗಿ ಆ ಚನ್ನಬಸವನ ಎರಡೂ ಕೈ ಮುರದು ಬರ್ತೇವಿ, ನೀ ಸುಮ್ನ ಕುಂದ್ರು” ಅಂದ. ನಾನು ಕೀಬೋರ್ಡ್ ರಿಪೇರಿ ಮಾಡುತ್ತಿದ್ದೆ. ಅದನ್ನೇ ಎತ್ತಿ ಅವನ ಮೂಗಿಗೆ ಬಾರಿಸಿದೆ. ಕೀಲಿಗಳೆಲ್ಲ ಉದುರಿದವು, ಅವನ ರಕ್ತ ಕೌಂಟರಿನ ಮೇಲೆಲ್ಲ ಬಿತ್ತು. ಅವನ ಹುಡುಗರು ನನ್ನನ್ನು ಅಂಗಡಿಯಿಂದ ಹೊರಗೆಳೆದು ನೆಲಕ್ಕೆ ಕೆಡವಿ ಹೊಟ್ಟೆಗೆ ಒದ್ದರು. ಅಲುಗಾಡುತ್ತಿದ್ದ ಆ ಎರಡನೆಯ ಹಲ್ಲೂ ಹೋಯಿತು. ಅಬ್ಬಾ ಓಡಿ ಬಂದು ಜೋಳದ ಚೀಲ ಎತ್ತುವ ಕೊಕ್ಕೆ ಹಿಡಿದು ನಿಂತ ಮೇಲೆ ಜಾಗ ಖಾಲಿ ಮಾಡಿದರು.

ಬೆರಳಿನ ವಿಷಯ ಬರೆಯಬೇಕೆಂದು ಕೂತು ಎಷ್ಟೋ ಹಾಳೆ ಹರಿದೆ. ಬಾಗಿಲ ಸಂದಿಯಲ್ಲಿ ನಿನ್ನ ಕೈ ಇದ್ದದ್ದನ್ನು ನಾನು ನೋಡಲಿಲ್ಲ. ನೋಡದೆ ಒದ್ದೆ. ಆ ಸಪ್ಪಳ ಕೇಳಿಸಿತು, ಚನ್ಯಾ. ಈಗಲೂ ಕೇಳಿಸುತ್ತದೆ.

ಡ್ರೈವ್ ರಿಪೇರಿ ಮಾಡಿ, ನನ್ನ ಅರ್ಧವನ್ನು ಸಿಡಿಯಲ್ಲಿ ಬರೆದು ಇದರ ಜೊತೆ ಕಳಿಸಿದ್ದೇನೆ. ಟವೆಲ್ಲಿನಲ್ಲಿ ಕಟ್ಟಬೇಡ.

ಸಾಜೀದ


ಗಜೇಂದ್ರಗಡ
೧೧ ಜೂನ್ ೨೦೦೭

ಸಾಜೀದಣ್ಣನಿಗೆ ನೀಲಾ ಮಾಡುವ ನಮಸ್ಕಾರ.

ಅಣ್ಣ ನಿಮಗೆ ಮೂರು ತಿಂಗಳಿಂದ ಉತ್ತರ ಬರೆದಿಲ್ಲ ಅಂತ ಬೈದುಕೊಳ್ಳುತ್ತಿರಬಹುದು. ಬರೆಯಬಾರದೆಂದು ಅಲ್ಲ, ಬರೆದು ಬರೆದು ಹರಿಯುತ್ತಿದ್ದ. ಈ ಕಾಗದ ಬರೆಯುತ್ತಿರುವುದು ಅವನಿಗೆ ಗೊತ್ತಿಲ್ಲ.

ಹೋದ ಶುಕ್ರವಾರ ಅಮೋಘಸಿದ್ದ ಮತ್ತು ಅವನ ಮಂದಿ ಮಗ್ಗದ ಮನೆಗೆ ನುಗ್ಗಿದರು. ಮೊದಲೇ ಬರೆದು ತಂದಿದ್ದ ಒಂದು ಕಂಪ್ಲೇಂಟಿಗೆ ಸಹಿ ಮಾಡು ಅಂದರು. ಅದರಲ್ಲಿ ಅವರು ಹೇಗೋ ಪತ್ತೆ ಹಚ್ಚಿದ ನಿಮ್ಮ ಹೆಸರು, ನಿಮ್ಮ ಅಬ್ಬಾನ ಹೆಸರು, ನಿಮ್ಮ ಓಣಿಯವರ ಹೆಸರು, ಅವತ್ತು ರೋಣಕ್ಕೆ ಬಂದೇ ಇರದವರ ಹೆಸರೆಲ್ಲ ಇತ್ತು. ಅಣ್ಣ ಓದಿ, “ನನ್ನ ಕೈ ಮುರದಿದ್ದು ಬಾಗಲಾ. ಬಾಗಲದ ಮ್ಯಾಲೆ ಕೇಸ್ ಹಾಕ್ತೀರೇನು?” ಅಂದ. ಅವನಿಗೂ ನಾಲಿಗೆ ಸುಮ್ಮನಿರುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ.

ಹೊಡೆದರು. ಅಪ್ಪನನ್ನು ಕಂಬಕ್ಕೆ ಒತ್ತಿ ಹಿಡಿದುಕೊಂಡು, ಅವನ ಕಣ್ಣೆದುರಿಗೇ ಅಣ್ಣನಿಗೆ ಹೊಡೆದರು. ಪಕ್ಕೆಲುಬು ಬಿರುಕು ಬಿಟ್ಟಿದೆ. ಅವನು ಅಷ್ಟಕ್ಕೆಲ್ಲ ಕೂಗಲಿಲ್ಲ. ಹೋಗುವಾಗ ಅಮೋಘಸಿದ್ದ ಚಾಕು ತೆಗೆದು ಮಗ್ಗದ ಮೇಲೆ ಉದ್ದಕ್ಕೆ ಬಿಗಿದಿದ್ದ ಎಳೆಗಳ ಹಾಸನ್ನು ಈ ಅಂಚಿನಿಂದ ಆ ಅಂಚಿನ ತನಕ ಕತ್ತರಿಸಿದ. ಎಳೆಗಳು ಒಮ್ಮೆಲೇ ಕೆಳಗೆ ಬಿದ್ದವು. ಆವಾಗ ಅಣ್ಣ ಕೂಗಿದ. ನಮ್ಮ ಓಣಿಯಲ್ಲಿ ಯಾರ ಮೇಲೆ ಎಷ್ಟು ಸಿಟ್ಟಿದ್ದರೂ ಮಗ್ಗದ ಹಾಸಿನ ಮೇಲೆ ಚಾಕು ಹಾಕಿದವರನ್ನು ನಾನು ಇಲ್ಲಿಯ ತನಕ ನೋಡಿರಲಿಲ್ಲ.

ನೀವು ಬರಬೇಡಿ. ಬರಲಿ ಎಂದೇ ಅವರು ಕಾಯುತ್ತಿದ್ದಾರೆ.

ಇನ್ನೊಂದು ಮಾತು. ಅಣ್ಣ ಮಲಗಿದಲ್ಲೇ ಸೆರಗಿನ ಲೆಕ್ಕ ಹೇಳುತ್ತಿದ್ದಾನೆ, ನಾನು ಕಂಪ್ಯೂಟರಿನಲ್ಲಿ ಬರೆದುಕೊಳ್ಳುತ್ತಿದ್ದೇನೆ. ನನಗೆ ಅರ್ಥವಾಗುವುದಿಲ್ಲ. ತಪ್ಪಿದರೆ ಬೈಯುತ್ತಾನೆ, ಬೈದರೆ ಪಕ್ಕೆ ನೋಯುತ್ತದೆ, ನೋವಾದರೆ ನಿಮ್ಮನ್ನು ಬೈಯುತ್ತಾನೆ.

ನಿಮ್ಮ ತಂಗಿ
ನೀಲಾ


ಗಜೇಂದ್ರಗಡ
೨ ಜುಲೈ ೨೦೦೭

ಲೇ ಮಂಗ್ಯಾನ ಮಗನೇ,

ಬರಬೇಡಿ ಎಂದು ನೀಲಾ ಬರೆದಿದ್ದಳಂತೆ. ನಿನಗೆ ‘ಬರಬೇಡಿ’ ಅಂದರೆ ‘ಲಗೂನ ಬರ್ರಿ’ ಅಂತ ಓದಿಸುತ್ತದೋ ಏನೋ!

ನಾನು ಒಳಗೆ ಮಲಗಿದ್ದೆ. ಪೇಟೆಯ ಕಡೆಯಿಂದ ನಿನ್ನ ದನಿ ಕೇಳಿತು. ನಮ್ಮ ಓಣಿಯ ಎದುರಿಗೇ ಇರುವ ಅಮೋಘಸಿದ್ದನ ಪಾನ್ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಹಲ್ಲಿಲ್ಲದ ಬಾಯಿಂದ ಊರಿಗೆ ಕೇಳುವಂತೆ ಒದರುತ್ತಿದ್ದೆ: “ಚನ್ಯಾನ ಬೆರಳ ಮುರದಾಂವ ನಾನು! ನರಗುಂದದ ಗೌಸುಸಾಬನ ಮಗ ಸಾಜೀದ! ಆಂವ ನನ್ನ ಹಲ್ಲ ಉದುರಿಸ್ಯಾನ, ನಾ ಅವನ ಬೆರಳ ಮುರದೇನಿ. ನಾವು ನೋಡ್ಕೋತೇವಿ. ನಡುವ ಬರಾಕ ನಿಮಗ ಯಾರ್ ಹೇಳ್ಯಾರ? ಹಾಸು ಕೊಯ್ದ ಗಂಡಸು ಯಾಂವಲೇ? ಹೊರಗ ಬಾ!”

ಎದ್ದು ಬಾಗಿಲಿಗೆ ಬರುವುದರೊಳಗೆ ಕಲ್ಲು ಬಿತ್ತು. ನಿನ್ನ ಹುಬ್ಬು ಒಡೆದು ರಕ್ತ ಕಣ್ಣಿಗೆ ಇಳಿದದ್ದನ್ನು ನೋಡಿದೆ. ನೀನು ಕಣ್ಣು ಮುಚ್ಚಿಕೊಂಡೇ ಅಮೋಘಸಿದ್ದನ ಅಂಗಿ ಹಿಡಿದು ಅವನ ತಲೆಯನ್ನು ಅವನದೇ ಡಬ್ಬಿ ಅಂಗಡಿಗೆ ಗುದ್ದಿದೆ. ಗಾಜಿನ ಬರಣಿ ಉರುಳಿ ಸುಣ್ಣ, ಅಡಿಕೆ, ರಕ್ತ ಎಲ್ಲ ಒಂದಾಯಿತು. ಹಿಂದಿನಿಂದ ನಾಲ್ಕು ಮಂದಿ ನಿನ್ನ ಮೇಲೆ ಬಿದ್ದರು. ನನಗೆ ಪಕ್ಕೆ ಹಿಡಿದುಕೊಂಡು ಓಡಲೂ ಆಗಲಿಲ್ಲ.

ಅವ್ವ ಓಡಿದಳು. ಮಗ್ಗದ ಕೋಲು ಹಿಡಿದು ಹೋದವಳು ಅಮೋಘಸಿದ್ದನ ಮೊಣಕಾಲಿಗೇ ಬಿಟ್ಟಳು, ಅವನು ಕೂತಲ್ಲಿಂದ ಏಳಲಿಲ್ಲ. “ಅವರಿಬ್ರೂ ಸಾಯೂಮಟಾ ಹೊಡದಾಡ್ಲಿ, ನಾ ಕೇಳೂದಿಲ್ಲ. ನೀವು ಕೈ ಹಚ್ಚಿದ್ರ ಕೈ ಇರೂದಿಲ್ಲ!” ಅಂದಳು. ನೇಕಾರ ಓಣಿಯ ಹೆಂಗಸರೆಲ್ಲ ಕೈಗೆ ಸಿಕ್ಕ ಕೋಲು ಹಿಡಿದು ಅವಳ ಹಿಂದೆ ಬಂದು ನಿಂತಿದ್ದರು. ಹಾಸು ಕೊಯ್ದ ಸುದ್ದಿ ಎಲ್ಲರ ಹೊಟ್ಟೆಯಲ್ಲೂ ಉರಿಯುತ್ತಿತ್ತು.

ಆಮೇಲೆ ನಿನ್ನ ಕಿವಿ ಹಿಡಿದು ಮನೆಗೆ ಎಳೆದು ತಂದು, ಕಪಾಳಕ್ಕೆ ಒಂದು ಬಿಟ್ಟು, “ಇದು ನನ್ನ ಮಗನ ಬೆರಳಿಗೆ” ಅಂದಳು. ಹುಬ್ಬಿಗೆ ಅರಿಶಿಣ ಒತ್ತಿ, ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಉಣ್ಣಿಸಿದಳು.

ನಾನು ಒಳಗಿನ ಕೋಣೆಯಿಂದ ಬರಲಿಲ್ಲ. ಸಿಟ್ಟು ಇಳಿದಿರಲಿಲ್ಲ, ಈಗಲೂ ಇಳಿದಿಲ್ಲ. ಆದರೆ ನೀನು ಆ ಬೋಡು ಬಾಯಿಯಲ್ಲಿ ಹಾಲು ರೊಟ್ಟಿ ಸುರಿಯುವ ಸಪ್ಪಳ ಕೇಳಿ ನಗು ತಡೆಯಲಾಗಲಿಲ್ಲ. ನಕ್ಕರೆ ಪಕ್ಕೆ ನೋಯುತ್ತದೆ. ಗೋಡೆಗೆ ಹಣೆ ಒತ್ತಿಕೊಂಡು ನಿಂತೆ.

ಸೆರಗಿನ ಲೆಕ್ಕ ಇದರ ಜೊತೆಗಿದೆ. ನೀಲಾ ಬರೆದದ್ದು, ತಪ್ಪಿದ್ದರೆ ನನ್ನ ಹೇಳಿಕೆಯ ತಪ್ಪು.

ಚನ್ನಬಸವ


ನರಗುಂದ
೨೪ ಸೆಪ್ಟೆಂಬರ್ ೨೦೦೭

ಚನ್ಯಾ,

ಓಡಿತು! ನಿನ್ನ ಅರ್ಧ, ನನ್ನ ಅರ್ಧ ಕೂಡಿಸಿ ನಿಮ್ಮವ್ವನ ಮದುವೆ ಸೀರೆಯ ಅಂಚು ಹಾಕಿ ನೋಡಿದೆ. ಎಳೆಗೆ ಎಳೆ ಸರಿ ಬಂತು. ಅಂಗಡಿಯಲ್ಲಿ ಒಬ್ಬನೇ ಕುಣಿದೆ. ಸಮ್ಮೇಳನದವರು ಒಪ್ಪಿಕೊಂಡಿದ್ದಾರೆ. ಡಿಸೆಂಬರ್ ಮೊದಲ ವಾರ, ಈ ಸಲ ಪೂರಾ ಒಂದು ತಾಸು. ಬೆಕ್ಕಿನವನು ನಮ್ಮ ನಂತರ.

ನಿನ್ನ ಹೆಸರನ್ನೇ ಮೊದಲು ಹಾಕಿಸಿದ್ದೇನೆ, ಕುಣಿಯಬೇಡ. ಅಕ್ಷರಮಾಲೆಯಲ್ಲಿ ಮೊದಲು ಬರುತ್ತೀ, ಅಷ್ಟೇ.

ಈಗ ಹೋಗುವುದು ಹೇಗೆ? ಅಬ್ಬಾ ನನಗೆ ಹುಬ್ಬಳ್ಳಿಯಿಂದ ಹೋಗು ಅನ್ನುತ್ತಾನೆ. ನಿನ್ನನ್ನು ಗದಗದಿಂದ ರೈಲಿಗೆ ಹತ್ತಿಸುತ್ತೇನೆ ಎಂದು ನಿಮ್ಮಪ್ಪ ಫೋನಿನಲ್ಲಿ ಅವನಿಗೆ ಹೇಳಿದನಂತೆ. ರೋಣದಲ್ಲಿ ನಾವಿಬ್ಬರೂ ಒಟ್ಟಿಗೆ ಕಂಡರೆ ಮೈನುದ್ದೀನನ ಮಂದಿ ಒಂದು ಕಡೆ, ಅಮೋಘಸಿದ್ದನ ಮಂದಿ ಇನ್ನೊಂದು ಕಡೆ ನಿಂತುಬಿಡುತ್ತಾರೆ ಎಂದು ಅಬ್ಬಾನಿಗೂ ನಿಮ್ಮಪ್ಪನಿಗೂ ಭಯ. ಆ ಭಯ ಸುಳ್ಳಲ್ಲ. ಬಸ್ ಸ್ಟ್ಯಾಂಡಿನಲ್ಲಿ ಇನ್ನೂ ಅದನ್ನೇ ಮಾತಾಡುತ್ತಾರಂತೆ. ಟವೆಲ್ಲಿನ ಸುದ್ದಿ ಯಾರ ಬಾಯಲ್ಲೂ ಇಲ್ಲ. ‘ಅವರು ಇವರನ್ನು ಹೊಡೆದರು’ ಎಂದಷ್ಟೇ ಉಳಿದಿದೆ.

ನಿನ್ನ ಬೆರಳಿಗೆ ಬದಲು ಕೊಡುವಂಥದ್ದು ನನ್ನ ಹತ್ತಿರ ಏನೂ ಇಲ್ಲ. ನಿಮ್ಮವ್ವ ಹೊಡೆದದ್ದು ಸಾಲದು, ನೀನು ಹೊಡೆಯಬೇಕು. ಎಲ್ಲಿ, ಯಾವಾಗ ಅಂತ ಹೇಳು, ಬಂದು ನಿಲ್ಲುತ್ತೇನೆ. ಕೈ ಎತ್ತುವುದಿಲ್ಲ.

ನಿನ್ನ
ಸಾಜೀದ


ಗಜೇಂದ್ರಗಡ
೨೧ ನವೆಂಬರ್ ೨೦೦೭

ಸಾಜ್ಯಾ,

ಹುಬ್ಬಳ್ಳಿ ಬೇಡ, ರೈಲೂ ಬೇಡ. ರೋಣದಿಂದಲೇ ಹೋಗೋಣ. ಅದೇ ಬಸ್ಸು, ಅದೇ ಹೊತ್ತು. ನಾವು ಕದ್ದು ಬೇರೆ ದಾರಿ ಹಿಡಿದರೆ ಆ ಜಗಳ ಅವರದೇ ಆಗಿ ಉಳಿಯುತ್ತದೆ. ಅಪ್ಪನಿಗೆ ಹೇಳಿ ಒಪ್ಪಿಸಿದ್ದೇನೆ. ಅವ್ವನನ್ನು ಒಪ್ಪಿಸಬೇಕಾಗಿಲ್ಲ, ಅವಳು ಕೋಲು ಹಿಡಿದು ತಾನೇ ಬರುತ್ತಾಳಂತೆ. ಇದನ್ನು ಅವಳ ಎದುರಿಗೇ ಓದಿ ಹೇಳುತ್ತಾ ಬರೆಯುತ್ತಿದ್ದೇನೆ. “ಚಟ್ನಿ ಎರಡ ಡಬ್ಬಿ ಕಟ್ತೇನಿ ಅಂತ ಬರಿ” ಅನ್ನುತ್ತಿದ್ದಾಳೆ. ಬರೆದೆ.

ಪ್ರೋಗ್ರಾಮನ್ನು ಮೂರು ಸಿಡಿಯಲ್ಲಿ ಬರೆದುಕೊಂಡು ಬಾ. ಒಂದು ನಿನ್ನ ಹತ್ತಿರ, ಒಂದು ನೀಲಾಳ ಹತ್ತಿರ, ಒಂದು ಶಂಕ್ರವ್ವನ ಬುಟ್ಟಿಯಲ್ಲಿ. ನನ್ನ ಕೈಗೆ ಕೊಡಬೇಡ. ಟವೆಲ್ ನಾನೇ ಒಗೆಯುತ್ತೇನೆ, ಒಳಗೆ ಕಲ್ಲು ಕಟ್ಟುತ್ತೇನೆ. ಕಿಟಕಿ ಪಕ್ಕದ ಸೀಟು ನಿನಗೆ.

ಆದರೆ ಹತ್ತುವ ಮೊದಲು ಒಂದು ಕೆಲಸವಿದೆ. ಹೊಡಿ ಅಂತ ನೀನೇ ಬರೆದಿದ್ದೀ. ಬಸ್ಸಿನ ಆ ಬಾಗಿಲ ಮುಂದೆ, ಎಲ್ಲರೂ ನೋಡುತ್ತಿರುವಾಗ ಹೊಡೆಯುತ್ತೇನೆ. ಮೈನುದ್ದೀನನೂ ನೋಡಲಿ, ಅಮೋಘಸಿದ್ದನೂ ನೋಡಲಿ. ಯಾರು ಯಾರನ್ನು ಹೊಡೆದರು, ಆಮೇಲೆ ಯಾರ ಪಕ್ಕ ಯಾರು ಕೂತು ಹೋದರು ಎಂಬುದನ್ನು ರೋಣದ ಮಂದಿ ಕಣ್ಣಾರೆ ಕಂಡು ಹೇಳಲಿ.

ಬಲಗೈಯಿಂದಲೇ ಹೊಡೆಯುತ್ತೇನೆ. ಬೆರಳು ಮಡಚುವುದಿಲ್ಲ, ಮುಷ್ಟಿ ಕಟ್ಟಲು ಬರುವುದಿಲ್ಲ. ಏಟು ನಿನಗೆ ಅಷ್ಟೇನೂ ತಾಕುವುದಿಲ್ಲ. ಆದರೂ ನೀನು ಬೀಳಬೇಕು, ಸಾಜ್ಯಾ. ಚೆನ್ನಾಗಿ ಬೀಳು. ಎತ್ತುವವನು ನಾನೇ.

ನಿನ್ನ
ಚನ್ಯಾ